ಆತಿಥೇಯ ಭಾಷೆ, ಅತಿಥಿ ಭಾಷೆ: ದತ್ತಾಂಶ ರೂಪಾಂತರದ ಕೆಲವು ಸಮಸ್ಯೆಗಳು

ಗಣಕದ ದೊಡ್ಡ ತಂತ್ರಾಂಶಗಳು ಅನೇಕ ವೇಳೆ ಎರಡು ಭಾಷೆಗಳಲ್ಲಿ ವ್ಯವಹರಿಸುತ್ತವೆ. ಮೂಲ ಚೌಕಟ್ಟು ಸಿ ಯಂತಹ ಭಾಷೆಯಲ್ಲಿರುತ್ತದೆ; ಅದರೊಳಗೆ, ಬಳಸುವವರು ತಮಗೆ ಬೇಕಾದಂತೆ ಸೂಚನೆಗಳನ್ನು ಬರೆದುಕೊಳ್ಳಲು, ಮತ್ತೊಂದು ಕಿರುಭಾಷೆ ನೆಲೆಸಿರುತ್ತದೆ. ಮೊದಲನೆಯದನ್ನು ಆತಿಥೇಯವೆಂದೂ ಎರಡನೆಯದನ್ನು ಅತಿಥಿಯೆಂದೂ ಕರೆಯಬಹುದು. 1993ರಲ್ಲಿ ಬ್ರೆಜಿಲಿನ ರಿಯೋ ಡಿ ಜನೈರೋದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಲುವಾ ಇಂತಹ ಅತಿಥಿಭಾಷೆಗೆ ಒಳ್ಳೆಯ ನಿದರ್ಶನ. ನಮ್ಮ ಶಾಸನಸೂಚಿ, ಹಸ್ತಪ್ರತಿಸೂಚಿ, ನಿಘಂಟುಗಳು ಗಣಕವನ್ನು ಸೇರುತ್ತಿರುವಾಗ, ಈ ಎರಡು ಭಾಷೆಗಳ ನಡುವಿನ ಕೊಡುಕೊಳೆಯನ್ನು ಕನ್ನಡ ವಿದ್ವಾಂಸರೂ ಅರಿಯಬೇಕಾಗಿದೆ.

ಸಂಸ್ಕೃತದಲ್ಲಿ ಲಿಂಗವು ಶಬ್ದಕ್ಕೆ ಅಂಟಿಕೊಂಡಿದೆ. ಪತ್ನಿ ಎಂಬ ಅರ್ಥದ ‘ದಾರ’ ಶಬ್ದ ಪುಲ್ಲಿಂಗ. ಕನ್ನಡದಲ್ಲಾದರೋ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಹಾಗೆಯೇ ಸಿ ಭಾಷೆಯಲ್ಲಿ ಹೆಸರಿಗೇ ಜಾತಿ ನಿಗದಿಯಾಗಿರುತ್ತದೆ: ಪೂರ್ಣಾಂಕವೆಂದು ಘೋಷಿಸಿದ ಹೆಸರಿನಲ್ಲಿ ಪೂರ್ಣಾಂಕವನ್ನೇ ಇಡಬೇಕು. ಲುವಾದಲ್ಲಿ ಹೆಸರಿಗೆ ಜಾತಿಯಿಲ್ಲ. ಬೆಲೆಯೇ ತನ್ನ ಜಾತಿಯನ್ನು ಹೊತ್ತು ತಿರುಗುತ್ತದೆ. ಆದುದರಿಂದ ಇವೆರಡೂ ನೇರವಾಗಿ ಕೈಬದಲಿಸದೆ, ಒಂದರ ಮೇಲೊಂದು ಪೇರಿಸುವ ನಡುವಣ ರಾಶಿಯೊಂದರ ಮೂಲಕ ಬೆಲೆಗಳನ್ನು ವಿನಿಮಯ ಮಾಡಿಕೊಳ್ಳುತ್ತವೆ. ರಾಶಿಯಿಂದ ತೆಗೆಯುವಾಗ ‘ಇದನ್ನು ಸಂಖ್ಯೆಯಾಗಿ ಕೊಡು’ ಎಂದು ಆತಿಥೇಯವು ಕೇಳುತ್ತದೆ. ತೊಡಕು ಇಲ್ಲಿದೆ.

ಶಾಸನಸೂಚಿಯೊಂದರಲ್ಲಿ ವರ್ಷವನ್ನು ‘೧೧೬೩’ ಎಂದು ಕನ್ನಡ ಅಂಕಿಗಳಲ್ಲಿ ಬರೆದಿದೆಯೆನ್ನೋಣ. ಪೈಥಾನ್ ಭಾಷೆ ಇದನ್ನು ಸಂಖ್ಯೆಯಾಗಿ ಗ್ರಹಿಸುತ್ತದೆ. ಲುವಾ ಗ್ರಹಿಸುವುದಿಲ್ಲ, ಆಗ ಸಿ ಕಡೆಗೆ ದೊರೆಯುವ ಉತ್ತರ ಸೊನ್ನೆ. ಕಾಲ ತಿಳಿಯದ ಶಾಸನದ ಬರಿದಾದ ಸ್ಥಾನವನ್ನು ಸಂಖ್ಯೆಯಾಗಿ ಕೇಳಿದರೂ ಅದೇ ಸೊನ್ನೆ. ಕಾಲಾನುಕ್ರಮದಲ್ಲಿ ಜೋಡಿಸಿದಾಗ ಇವೆಲ್ಲ ಎಲ್ಲಕ್ಕಿಂತ ಪ್ರಾಚೀನವಾಗಿ ತೋರುತ್ತವೆ! ‘ಗೊತ್ತಿಲ್ಲ’ ಎಂಬುದೂ ‘ಸೊನ್ನೆ’ ಎಂಬುದೂ ಒಂದೇ ಅಲ್ಲ. ಅಂತೆಯೇ ‘0047’ ಎಂಬ ಓಲೆಗರಿಯ ಕ್ರಮಾಂಕ ಸಂಖ್ಯೆಯಾದೊಡನೆ 47 ಆಗಿ, ಕಟ್ಟಿನ ಮೇಲಿನ ಬರೆಹಕ್ಕೆ ಹೊಂದದಾಗುತ್ತದೆ.

ಪದಗಳ ವಿಷಯದಲ್ಲೂ ಎಚ್ಚರ ಅಗತ್ಯ. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟುಗಳು. ‘ಕನ್ನಡ’ ಎಂಬಲ್ಲಿ ನಮಗೆ ಕಾಣುವುದು 3 ಅಕ್ಷರ, ವಿರಾಮಚಿಹ್ನೆ ಸೇರಿ ಸಂಕೇತಗಳು 5, ಬೈಟುಗಳು 15. ಲುವಾದ ಉದ್ದದ ಗುರುತು ಎಣಿಸುವುದು ಬೈಟುಗಳನ್ನು. ಹತ್ತು ಬೈಟುಗಳಿಗೆ ಕತ್ತರಿಸಿದರೆ ಪದವು ಸಂಕೇತದ ನಡುವೆಯೇ ತುಂಡಾಗುತ್ತದೆ. ಛಂದಸ್ಸಿನ ಅಕ್ಷರಗಣನೆಗಂತೂ ಈ ಉದ್ದ ನಿರುಪಯುಕ್ತ.

ಲಿಪಿಯಿಂದ ಲಿಪಿಗೆ ಸಾಗುವಾಗಲೂ ಸಮಸ್ಯೆ ಇದೇ ಸ್ವರೂಪದ್ದು. ಅಹಮದಾಬಾದಿನ ಮಣಿನಗರದಲ್ಲಿ ನೆಲೆಸಿದ ಕನ್ನಡ ಕುಟುಂಬವೊಂದರ ಹೆಸರುಗಳನ್ನು ಗುಜರಾತಿಗೆ ತಿರುಗಿಸಬೇಕಾಗಿದೆಯೆಂದು ಭಾವಿಸೋಣ. ಯೂನಿಕೋಡಿನಲ್ಲಿ ಭಾರತೀಯ ಲಿಪಿಗಳು ಸಮಾನಾಂತರವಾಗಿ ಜೋಡಣೆಗೊಂಡಿವೆ: ಕನ್ನಡದ ಕಕಾರ 3221, ಗುಜರಾತಿಯದು 2709. 512 ಕಳೆದರೆ ಸಾಕೆನಿಸುತ್ತದೆ. ಆದರೆ ‘ಎಲ್ಲಮ್ಮ’ ಎಂಬ ಹೆಸರಿನ ಮೊದಲಕ್ಷರದಲ್ಲಿ 512 ಕಳೆದರೆ ಸಿಗುವುದು ಬರಿದಾದ ಮನೆ. ಗುಜರಾತಿ ಲಿಪಿಯಲ್ಲಿ ಹ್ರಸ್ವ ಎಕಾರ, ಒಕಾರಗಳಿಲ್ಲ. ದೀರ್ಘವನ್ನೇ ಬರೆದುಕೊಂಡರೆ ಬರೆಹ ಸಾಗೀತು; ಆದರೆ ಮರಳಿ ಕನ್ನಡಕ್ಕೆ ತಂದಾಗ ‘ಕೊಡು’ ಎಂಬುದು ‘ಕೋಡು’ ಆಗಿಬಿಡುತ್ತದೆ. ಕೊಡುವುದು ಕ್ರಿಯೆ, ಕೋಡು ಪ್ರಾಣಿಯ ಅಂಗ.

ಇವುಗಳಿಂದ ಮೂರು ವಿವೇಕಗಳು ಹೊರಡುತ್ತವೆ. ಮೊದಲನೆಯದಾಗಿ, ರೂಪಾಂತರಕ್ಕೆ ಮುನ್ನ ಬೆಲೆಯ ಜಾತಿಯನ್ನು ವಿಚಾರಿಸಬೇಕು. ಎರಡನೆಯದಾಗಿ, ರೂಪಾಂತರ ಕೈಗೂಡದಿದ್ದರೆ ಸೊನ್ನೆಯನ್ನು ಕೊಟ್ಟು ಸುಮ್ಮನಾಗದೆ ವಿಫಲವಾಯಿತೆಂದು ತಿಳಿಸಬೇಕು. ಇದಕ್ಕಾಗಿಯೇ ಲುವಾದ ಈಚಿನ ಆವೃತ್ತಿಗಳಲ್ಲಿ ಪ್ರತ್ಯೇಕ ಸೂಚಕವೊಂದಿದೆ. ಮೂರನೆಯದಾಗಿ, ಮೂಲಪಾಠವನ್ನು ಅಳಿಸದೆ ರೂಪಾಂತರದ ಪಕ್ಕದಲ್ಲೇ ಉಳಿಸಿಕೊಳ್ಳಬೇಕು. ಗ್ರಂಥಸಂಪಾದಕರು ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕಾಪಾಡಿಕೊಂಡು ಬಂದ ಶಿಸ್ತು ಇದೇ ಆಗಿದೆ. ಗಣಕಕ್ಕೂ ಅದು ಸಲ್ಲತಕ್ಕದ್ದು.