ಊರಿನ ಮನೆಗೆ ಫಿಲ್ಟರ್ ಕೊಡಿಸುವ ಮೊದಲು

ಮುಂಬೈ, ಪುಣೆ, ಹೈದರಾಬಾದ್‌ಗಳಲ್ಲಿ ದುಡಿಯುವ ನಮ್ಮವರು ಕೈಯಲ್ಲಿ ನಾಲ್ಕು ಕಾಸು ಉಳಿದಾಗ ಊರಿನ ಮನೆಗೆ ಕೊಡಿಸುವ ವಸ್ತುಗಳಲ್ಲಿ ನೀರಿನ ಫಿಲ್ಟರ್ ಕೂಡ ಒಂದು. ಅಮ್ಮಿ-ಅಬ್ಬಾಗೆ ವಯಸ್ಸಾಯಿತು, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ಒಳ್ಳೆಯ ನೀರು ಕುಡಿಯಲಿ ಅಂತ ಸಾವಿರಾರು ರೂಪಾಯಿ ಹಾಕ್ತಾರೆ. ಒಳ್ಳೆಯ ಕೆಲಸವೇ. ಆದರೆ ಯಂತ್ರ ಗೋಡೆಯ ಮೇಲೆ ಬಂದು ಕೂತರೂ ಮಕ್ಕಳ ವಾಂತಿ-ಭೇದಿ ನಿಲ್ಲದ ಮನೆಗಳಿವೆ. ಯಾಕೆಂದರೆ ನೀರಿನಲ್ಲಿ ಏನು ಕೆಟ್ಟಿದೆ, ಎಲ್ಲಿ ಕೆಟ್ಟಿದೆ ಎಂಬ ಎರಡು ಪ್ರಶ್ನೆಗಳನ್ನು ಯಾರೂ ಕೇಳಿರುವುದಿಲ್ಲ.

ಎರಡು ಬಗೆಯ ದೋಷ

ನೀರಿನ ದೋಷಗಳನ್ನು ಎರಡು ಗುಂಪು ಮಾಡಬಹುದು. ಒಂದು ರೋಗಾಣುಗಳದ್ದು. ಚರಂಡಿಯ ಕೊಳಕು ಕುಡಿಯುವ ನೀರಿಗೆ ಸೇರಿದಾಗ ಕಾಲರಾ, ಟೈಫಾಯ್ಡ್, ಕಾಮಾಲೆ, ಭೇದಿ ಬರುತ್ತವೆ. ಇದು ಗಂಟೆಗಳಲ್ಲಿ, ದಿನಗಳಲ್ಲಿ ಹೊಡೆಯುವ ಪೆಟ್ಟು. 2022ರ ಬೇಸಿಗೆಯ ಕೊನೆಗೆ ರಾಯಚೂರಿನಲ್ಲಿ ಕಲುಷಿತ ನೀರು ಕುಡಿದು ಹಲವರು ಸತ್ತರು. ಕೃಷ್ಣಾ, ತುಂಗಭದ್ರಾ ಎಂಬ ಎರಡು ದೊಡ್ಡ ನದಿಗಳ ನಡುವೆ ಇರುವ ಜಿಲ್ಲೆ ಅದು! ಮರುವರ್ಷ, 2023ರ ಆಗಸ್ಟ್‌ನಲ್ಲಿ, ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲೂ ಅದೇ ಆಯಿತು.

ಇನ್ನೊಂದು ನೀರಿನಲ್ಲಿ ಕರಗಿರುವ ಲವಣಗಳದ್ದು. ಇವುಗಳಲ್ಲಿ ಮುಖ್ಯವಾದದ್ದು ಫ್ಲೋರೈಡ್. ರಾಯಚೂರು, ಕೊಪ್ಪಳ, ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ, ಆಚೆ ತೆಲಂಗಾಣದ ನಲ್ಗೊಂಡ, ಈ ಕಡೆಗಳಲ್ಲಿ ಬೋರ್‌ವೆಲ್ ನೀರು ಬಂಡೆಯಿಂದಲೇ ಫ್ಲೋರೈಡ್ ಹೊತ್ತು ತರುತ್ತದೆ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದ ಪ್ರಕಾರ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲ ಅಂದರೆ 1.5ರವರೆಗೆ. ಅದಕ್ಕಿಂತ ಹೆಚ್ಚಿನದನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಲೆಗಟ್ಟುತ್ತದೆ, ದೊಡ್ಡವರ ಮೂಳೆ-ಕೀಲು ಬಿಗಿಯುತ್ತದೆ. ಬಿಗಿದ ಮೂಳೆಯನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ.

ಈ ಎರಡಕ್ಕೂ ಮದ್ದು ಬೇರೆ ಬೇರೆ. ಕುದಿಸಿದರೆ ರೋಗಾಣು ಸಾಯುತ್ತದೆ, ಆದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಕ್ಲೋರಿನ್ ಕೂಡ ರೋಗಾಣುವಿಗೆ ಮಾತ್ರ ಮದ್ದು. ಫ್ಲೋರೈಡ್‌ಗೆ ಆರ್‌ಒ ಬೇಕು, ಇಲ್ಲವೇ ಅಲ್ಯುಮಿನಾ ತುಂಬಿದ ಫಿಲ್ಟರ್ ಬೇಕು, ಅಥವಾ ನೀರಿನ ಮೂಲವನ್ನೇ ಬದಲಿಸಬೇಕು. ಶುಚಿಯಾದ ಮಾಳಿಗೆಯಿಂದ ಹಿಡಿದ ಮಳೆನೀರು ಈ ದೃಷ್ಟಿಯಿಂದ ತುಂಬಾ ಒಳ್ಳೆಯದು. ಆದರೆ ಅದನ್ನೂ ಕುದಿಸಿಯೇ ಕುಡಿಯಬೇಕು.

ಕಂದು ನೀರಿನ ಆಟ

ಫಿಲ್ಟರ್ ಮಾರುವವರು ಮನೆಗೆ ಬಂದು ಒಂದು ಆಟ ತೋರಿಸ್ತಾರೆ. ಎರಡು ಗ್ಲಾಸು, ಒಂದರಲ್ಲಿ ನಳದ ನೀರು, ಇನ್ನೊಂದರಲ್ಲಿ ಆರ್‌ಒ ನೀರು. ಕರೆಂಟಿನ ಕಡ್ಡಿಗಳನ್ನು ಇಳಿಸಿದ ಕೂಡಲೇ ನಳದ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ. ನೋಡಿದವರಿಗೆ ಎದೆ ಧಸಕ್ ಅನ್ನುತ್ತದೆ. ನಿಜ ಏನೆಂದರೆ, ಲವಣವಿರುವ ನೀರಿನಲ್ಲಿ ಕರೆಂಟು ಹರಿಯುತ್ತದೆ, ಆಗ ಆ ಕಬ್ಬಿಣದ ಕಡ್ಡಿಯೇ ಕರಗಿ ತುಕ್ಕು ಬಿಡುತ್ತದೆ. ಆರ್‌ಒ ನೀರಿನಲ್ಲಿ ಲವಣ ಕಡಿಮೆ, ಹಾಗಾಗಿ ತುಕ್ಕೂ ಕಡಿಮೆ. ಒಳ್ಳೆಯ ಬಾವಿಯ ನೀರನ್ನು ಇಟ್ಟರೂ ಅದು ಕಂದಾಗುತ್ತದೆ.

ಟಿಡಿಎಸ್ ಮೀಟರಿನ ಕಥೆಯೂ ಇದೇ. ಅದು ಕರಗಿದ ಲವಣಗಳ ಒಟ್ಟು ಅಂದಾಜು ಮಾತ್ರ ಹೇಳುತ್ತದೆ. 500ರವರೆಗೆ ಇದ್ದರೆ ತೊಂದರೆಯಿಲ್ಲ ಅನ್ನುತ್ತದೆ ಮಾನದಂಡ. ಆದರೆ ಟಿಡಿಎಸ್ 200 ಇರುವ ನೀರಿನಲ್ಲಿ ಕಾಲರಾ ರೋಗಾಣು ಇರಬಹುದು, ಮೀಟರಿಗೆ ಅದು ಕಾಣುವುದೇ ಇಲ್ಲ. ಹೊಳೆ ನೀರು ಬರುವ ಊರಿಗೆ ಆರ್‌ಒ ಬೇಕಾಗುವುದು ಕಡಿಮೆ. ಅಲ್ಲದೆ ಮನೆಯ ಆರ್‌ಒ ಯಂತ್ರ ಒಂದು ಲೀಟರ್ ಕೊಡಲು ಸಾಮಾನ್ಯವಾಗಿ ಎರಡು-ಮೂರು ಲೀಟರ್ ಹೊರಗೆ ಚೆಲ್ಲುತ್ತದೆ. ವಾರಕ್ಕೊಮ್ಮೆ ನೀರು ಬರುವ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಕೆಡುವುದು ಎಲ್ಲಿ?

ದಿನವಿಡೀ ನೀರು ತುಂಬಿರುವ ಪೈಪಿನಲ್ಲಿ ಒಳಗಿನ ಒತ್ತಡ ಹೆಚ್ಚು. ತೂತಿದ್ದರೆ ನೀರು ಹೊರಗೆ ಸೋರುತ್ತದೆ, ಹೊರಗಿನ ಕೊಳೆ ಒಳಗೆ ಬರುವುದಿಲ್ಲ. ನಮ್ಮ ಸಣ್ಣ ಊರುಗಳಲ್ಲಿ ನೀರು ಬಿಡುವುದು ನಾಲ್ಕೈದು ದಿನಕ್ಕೊಮ್ಮೆ, ಅದೂ ಒಂದೆರಡು ಗಂಟೆ. ಉಳಿದ ಹೊತ್ತು ಪೈಪು ಖಾಲಿ. ಆ ಪೈಪು ಗಟಾರದ ಪಕ್ಕದಲ್ಲೋ, ಒಳಗೋ ಹಾದು ಹೋಗಿದ್ದರೆ ಕೊಳಕು ಅದೇ ತೂತಿನಿಂದ ಒಳಗೆ ಇಳಿಯುತ್ತದೆ. ನೀರು ಬಿಟ್ಟ ಕೂಡಲೇ ಅದು ಮೊದಲ ಕೊಡಕ್ಕೆ ಬಂದು ಬೀಳುತ್ತದೆ. ಇದರ ಮೇಲೆ ನಾವು ನಳಕ್ಕೆ ನೇರವಾಗಿ ಮೋಟಾರ್ ಹಚ್ಚಿ ಎಳೀತೀವಿ. ಮೋಟಾರ್ ನೀರನ್ನೂ ಎಳೆಯುತ್ತದೆ, ಗಟಾರವನ್ನೂ ಎಳೆಯುತ್ತದೆ. ನಮ್ಮ ಮನೆಗೆ ಮಾತ್ರ ಅಲ್ಲ, ಪಕ್ಕದ ಮನೆಗೂ.

ಆದ್ದರಿಂದ ಮೊದಲ ಹತ್ತು ನಿಮಿಷದ ನೀರನ್ನು ಕುಡಿಯಲು ಹಿಡಿಯಬೇಡಿ, ಬಟ್ಟೆ-ಬಚ್ಚಲಿಗೆ ಬಳಸಿ.

ನೀರು ಮನೆಗೆ ಬಂದ ಮೇಲೂ ಕೆಡುತ್ತದೆ. ಸಂಪಿನ ಬಾಯಿ ಅಂಗಳದ ಮಟ್ಟಕ್ಕೇ ಇದ್ದರೆ ಮಳೆಯ ಕೊಳಕು ಒಳಗೆ ಹರಿಯುತ್ತದೆ, ಅದನ್ನು ಒಂದು ಗೇಣಾದರೂ ಎತ್ತರಿಸಬೇಕು. ಕೊಡದೊಳಗೆ ಕೈ ಮುಳುಗಿಸಿ ಲೋಟದಲ್ಲಿ ಮೊಗೆಯುವುದು ಎಲ್ಲಕ್ಕಿಂತ ದೊಡ್ಡ ದಾರಿ. ಫಿಲ್ಟರಿನ ನೀರನ್ನೂ ಹೀಗೆ ಮೊಗೆದು ಕುಡಿದರೆ ಫಿಲ್ಟರಿಗೆ ಹಾಕಿದ ದುಡ್ಡು ನೀರಿಗೆ ಹಾಕಿದಂತೆಯೇ. ಉದ್ದ ಹಿಡಿಯ ಸೌಟು ಅಥವಾ ನಲ್ಲಿ ಇರುವ ಪಾತ್ರೆ ಸಾಕು. ತುಂಬಿಟ್ಟ ಡ್ರಮ್ಮು, ಹಂಡೆಗಳನ್ನು ಮುಚ್ಚಿಡಿ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಿಳಿನೀರಿನಲ್ಲೇ. ಮೊಟ್ಟೆ ಗೋಡೆಗೆ ಅಂಟಿಕೊಳ್ಳುವುದರಿಂದ ವಾರಕ್ಕೊಮ್ಮೆ ಖಾಲಿ ಮಾಡಿ ತಿಕ್ಕಿ ತೊಳೆಯಬೇಕು.

ತಿಳಿಯುವುದು ಹೇಗೆ, ಮಾಡುವುದೇನು?

ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದ ವಿಜ್ಞಾನಿಗಳು 1982ರಲ್ಲಿ ಒಂದು ಸರಳ ಪರೀಕ್ಷೆ ಕೊಟ್ಟರು. ಸಣ್ಣ ಸೀಸೆಗೆ ನೀರು ತುಂಬಿ ಬೆಚ್ಚಗೆ ಒಂದೆರಡು ದಿನ ಇಟ್ಟರೆ, ಮಲದ ಸೋಂಕಿರುವ ನೀರು ಸಾಮಾನ್ಯವಾಗಿ ಕಪ್ಪಾಗುತ್ತದೆ. ಎಚ್‌ಟುಎಸ್ ಸೀಸೆ ಅಂತ ಕರೀತಾರೆ. ವಿಜ್ಞಾನ ಓದುವ ಮಕ್ಕಳು ಶಾಲೆ, ಮದರಸ, ಅಂಗನವಾಡಿಯ ನೀರಿಗೆ ಇದನ್ನು ಮಾಡಿ ನೋಡಬಹುದು. ಫ್ಲೋರೈಡ್‌ಗೆ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಪ್ರತಿ ಜಿಲ್ಲೆಯಲ್ಲೂ ಸರ್ಕಾರದ ನೀರು ಪರೀಕ್ಷಾ ಕೇಂದ್ರವಿದೆ. ಬೋರ್‌ವೆಲ್ ನೀರು ಕುಡಿಯುವವರು ಒಮ್ಮೆಯಾದರೂ ಮಾಡಿಸಲೇಬೇಕು.

ರೋಗಾಣು ಇದ್ದರೆ ನೀರು ಕುದಿ ಬಂದ ಮೇಲೆ ಒಂದು ನಿಮಿಷ ಕೊತಕೊತ ಕುದಿಸಿ, ಅದೇ ಪಾತ್ರೆಯಲ್ಲಿ ಮುಚ್ಚಿ ಆರಿಸಿ. ಸಂಪಿಗಾದರೆ 1000 ಲೀಟರ್ ತಿಳಿನೀರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕದಡಿ, ಸುಣ್ಣ ಕೆಳಗೆ ನಿಂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಸುರಿದು ಒಂದು ಗಂಟೆ ಬಿಡಿ. ಪುಡಿಯನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿ ಒಮ್ಮೆ ತೂಗಿಸಿ ಚಮಚದ ಅಳತೆ ಗುರುತಿಟ್ಟುಕೊಂಡರೆ ಸುಲಭ. ತೆರೆದಿಟ್ಟ ಹಳೆಯ ಪುಡಿಯಲ್ಲಿ ಶಕ್ತಿ ಇರುವುದಿಲ್ಲ.

ನೀರಿನ ಸುತ್ತಲಿನ ಅಪಾಯ

ಬ್ಲೀಚಿಂಗ್ ಪುಡಿಯನ್ನು ಸಂಡಾಸು ತೊಳೆಯುವ ಆಸಿಡ್ ಜೊತೆ ಎಂದೂ ಬೆರೆಸಬೇಡಿ, ವಿಷದ ಕ್ಲೋರಿನ್ ಗಾಳಿ ಏಳುತ್ತದೆ. ಆಸಿಡ್, ಸೀಮೆಎಣ್ಣೆ, ಹೊಲದ ಔಷಧಿಯನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಇಡಬೇಡಿ. ಮಗುವಿಗೆ ಬಾಟಲಿ ಅಂದರೆ ನೀರು. ಸಂಪಿಗೆ ಮುಚ್ಚಳ ಇರಲಿ, ಮುಚ್ಚಳಕ್ಕೆ ಬೀಗ ಇರಲಿ. ಮೋಟಾರ್ ಓಡುತ್ತಿರುವಾಗ ಸಂಪಿನ ನೀರಿಗೆ ಕೈ ಹಾಕಬೇಡಿ. ಮೋಟಾರಿಗೆ ಅರ್ಥಿಂಗ್ ಇದೆಯೇ ನೋಡಿ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ ಹಾಕಿಸಿ. ಬಹಳ ದಿನ ಮುಚ್ಚಿದ್ದ ಸಂಪಿನಲ್ಲಿ, ಸೆಂಟ್ರಿಂಗ್ ಹಲಗೆ ಇನ್ನೂ ಒಳಗಿರುವ ಹೊಸ ಸಂಪಿನಲ್ಲಿ ಉಸಿರಾಡುವ ಗಾಳಿ ಇರದೇ ಹೋಗಬಹುದು. ಒಳಗೆ ಇಳಿದವನು ಬಿದ್ದರೆ ಎತ್ತಲು ಹೋದವನೂ ಬೀಳುತ್ತಾನೆ. ಹಾರಬೇಡಿ, ಅಗ್ನಿಶಾಮಕದವರನ್ನು ಕರೆಯಿರಿ.

ಇಷ್ಟಾದರೂ ಭೇದಿ ಶುರುವಾದರೆ ಪ್ರಾಣ ತೆಗೆಯುವುದು ದೇಹದ ನೀರು ಬತ್ತುವುದು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬೀಸ್ ಸಕ್ಕರೆ-ಉಪ್ಪಿನ ನೀರು ಕುಡಿಸಿಯೇ ಸಾವಿರಾರು ಕಾಲರಾ ರೋಗಿಗಳನ್ನು ಉಳಿಸಿದರು. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಕುಡಿಸುತ್ತಲೇ ಆಸ್ಪತ್ರೆಗೆ ಹೊರಡಿ.

ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ "ಅಮ್ಮಿ, ಫಿಲ್ಟರ್ ಕಳಿಸ್ಲಾ?" ಅನ್ನುವ ಮುಂಚೆ ನಾಲ್ಕು ಮಾತು ಕೇಳಿ. ಕುಡಿಯುವುದು ಹೊಳೆ ನೀರೋ ಬೋರಿನದೋ? ಪರೀಕ್ಷೆ ಮಾಡಿಸಿದ್ದೀರಾ? ಸಂಪು ತೊಳೆದು ಎಷ್ಟು ದಿನ ಆಯ್ತು? ನಳಕ್ಕೆ ಮೋಟಾರ್ ಹಚ್ಚಿದ್ದೀರಾ? ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆ ಎಂದು ಗೊತ್ತಾದರೆ ಖಂಡಿತ ಆರ್‌ಒ ಕೊಡಿಸಿ. ಇಲ್ಲವಾದರೆ ಅದರ ಕಾಲುಭಾಗ ದುಡ್ಡಿನಲ್ಲಿ ಸಂಪಿಗೆ ಮುಚ್ಚಳ, ನಲ್ಲಿ ಇರುವ ಪಾತ್ರೆ, ಒಂದು ಆರ್‌ಸಿಸಿಬಿ ಸ್ವಿಚ್ ಬರಬಹುದು. ಉಳಿದದ್ದಕ್ಕೆ ಓಣಿಯವರೆಲ್ಲ ಕೂಡಿ ಪುರಸಭೆಗೆ ಹೋಗಿ, ಗಟಾರದೊಳಗೆ ಹಾದಿರುವ ಪೈಪನ್ನು ಬದಲಿಸಿ ಅಂತ ಅರ್ಜಿ ಕೊಡಬೇಕು. ಆ ಕೆಲಸ ಯಾವ ಫಿಲ್ಟರೂ ಮಾಡುವುದಿಲ್ಲ.