ಇಂಗ್ಲಿಷ್ ಹೇಗೂ ಬರುತ್ತದೆ

ಮನೆಯಲ್ಲಿ ಕನ್ನಡ ಮಾತಾಡಿದರೆ ಮಗು ಇಂಗ್ಲಿಷಿನಲ್ಲಿ ಹಿಂದೆ ಬೀಳುತ್ತದೆ. ವರ್ಜೀನಿಯಾದ ಫೇರ್‌ಫ್ಯಾಕ್ಸ್ ಇರಲಿ, ಅಟ್ಲಾಂಟಾದ ಉತ್ತರಕ್ಕಿರುವ ಕಮ್ಮಿಂಗ್ ಇರಲಿ, ನಾರ್ತ್ ಕೆರೊಲಿನಾದ ಕ್ಯಾರಿ ಇರಲಿ, ಎಳೆ ಮಕ್ಕಳಿರುವ ಕನ್ನಡದ ಮನೆಗಳಲ್ಲಿ ಈ ಅಳುಕು ಇದ್ದೇ ಇದೆ. ಆದರೆ ಡೇ ಕೇರ್, ಪಾರ್ಕು, ಟಿವಿ, ಶಾಲೆ, ಗೆಳೆಯರು ಎಲ್ಲವೂ ಇಂಗ್ಲಿಷಾಗಿರುವ ಊರಿನಲ್ಲಿ ಬೆಳೆಯುವ ಮಗುವಿಗೆ ಇಂಗ್ಲಿಷ್ ಹೇಗೂ ಬರುತ್ತದೆ. ಕೈಬಿಟ್ಟು ಹೋಗುವುದು ಮನೆಯ ಭಾಷೆ.

ಈ ಅಳುಕು ಜೋರಾಗುವುದು ಕಿಂಡರ್‌ಗಾರ್ಟನ್‌ಗೆ ಸೇರಿಸುವಾಗ. ಮನೆಯಲ್ಲಿ ಹೆಚ್ಚಾಗಿ ಯಾವ ಭಾಷೆ ಆಡುತ್ತೀರಿ ಎಂದು ಅರ್ಜಿ ಕೇಳುತ್ತದೆ. ಕನ್ನಡ ಎಂದು ಬರೆದರೆ ಮಗುವನ್ನು ಇಎಸ್‌ಎಲ್ (ಇಂಗ್ಲಿಷ್ ಎರಡನೇ ಭಾಷೆಯಾಗಿರುವವರ) ತರಗತಿಗೆ ಹಾಕಿಬಿಡುತ್ತಾರೆ ಎಂದು ಹೆದರಿ ಇಂಗ್ಲಿಷ್ ಎಂದು ಬರೆಯುವವರಿದ್ದಾರೆ. ನಿಜವಾಗಿ ನಡೆಯುವುದು ಇಷ್ಟೇ: ಆ ಉತ್ತರ ನೋಡಿ ಮಗುವಿನ ಇಂಗ್ಲಿಷ್ ಎಷ್ಟಿದೆ ಎಂದು ಒಂದು ಸಣ್ಣ ಪರೀಕ್ಷೆ ಮಾಡುತ್ತಾರೆ. ವರ್ಜೀನಿಯಾ, ಮೇರಿಲ್ಯಾಂಡ್, ವಾಷಿಂಗ್ಟನ್ ಡಿಸಿ, ಜಾರ್ಜಿಯಾ, ಎರಡು ಕೆರೊಲಿನಾಗಳು ಎಲ್ಲವೂ ಇಂಥ ಪರೀಕ್ಷೆಗಳನ್ನು ರೂಪಿಸುವ 'ವಿಡಾ' ಎಂಬ ಒಂದೇ ಒಕ್ಕೂಟದಲ್ಲಿವೆ. ಪಾಸಾದರೆ ವಿಷಯ ಅಲ್ಲಿಗೆ ಮುಗಿಯಿತು. ಆಗದಿದ್ದರೆ ಇಂಗ್ಲಿಷಿಗೆ ಹೆಚ್ಚುವರಿ ಪಾಠ ಸಿಗುತ್ತದೆ. ಅದು ಬೇಡ ಎನ್ನುವ ಹಕ್ಕು ತಂದೆ ತಾಯಿಗೆ ಕಾನೂನಿನಲ್ಲೇ ಇದೆ, ಪ್ರತಿವರ್ಷದ ಪರೀಕ್ಷೆ ಮಾತ್ರ ತಪ್ಪುವುದಿಲ್ಲ. ಇದರಲ್ಲಿ ಸುಳ್ಳು ಬರೆಯುವಂಥದ್ದು ಏನಿದೆ?

ಇದಕ್ಕಿಂತ ಹೆಚ್ಚು ಕೇಡು ಮಾಡುವ ನಂಬಿಕೆ ಇನ್ನೊಂದಿದೆ: ಎರಡು ಭಾಷೆಯಿಂದಾಗಿ ಮಾತು ತಡವಾಗುತ್ತದೆ ಎನ್ನುವುದು. ಅದನ್ನು ನಂಬಿ ಕೆಲವರು ರಾತ್ರೋರಾತ್ರಿ ಕನ್ನಡ ನಿಲ್ಲಿಸುತ್ತಾರೆ. ಕೆಲವರು "ಎರಡು ಭಾಷೆ ಅಲ್ವಾ, ನಿಧಾನಕ್ಕೆ ಬರುತ್ತೆ" ಎಂದು ಕಾಯುತ್ತಾ ಕೂರುತ್ತಾರೆ. ಎರಡೂ ತಪ್ಪು. ಅಮೆರಿಕದ ವಾಕ್ ಮತ್ತು ಶ್ರವಣ ತಜ್ಞರ ಸಂಘ 'ಆಶಾ' ಇರುವುದು ಮೇರಿಲ್ಯಾಂಡಿನ ರಾಕ್‌ವಿಲ್‌ನಲ್ಲಿ. ಎರಡು ಭಾಷೆ ಕೇಳಿಸಿಕೊಳ್ಳುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ ಎಂಬುದು ಅದರ ಸ್ಪಷ್ಟ ನಿಲುವು. ಮಗುವಿನ ಪದಗಳನ್ನು ಎಣಿಸುವಾಗ ಎರಡೂ ಭಾಷೆಯವನ್ನು ಕೂಡಿಸಿ ಎಣಿಸಬೇಕು. ಅಟ್ಲಾಂಟಾದಲ್ಲೇ ಇರುವ ರೋಗ ನಿಯಂತ್ರಣ ಕೇಂದ್ರ ಸಿಡಿಸಿಯ ಬೆಳವಣಿಗೆಯ ಪಟ್ಟಿಯ ಪ್ರಕಾರ ಎರಡು ವರ್ಷಕ್ಕೆ ಮಗು ಎರಡು ಪದ ಸೇರಿಸಿ ಆಡುತ್ತಿರಬೇಕು. ಅದು "ಹಾಲು ಬೇಕು" ಆದರೂ ಸರಿಯೇ. ಯಾವ ಭಾಷೆಯಲ್ಲೂ ಆಡುತ್ತಿಲ್ಲವೆಂದರೆ ಕಾರಣ ಬೇರೆಯೇ ಇರುತ್ತದೆ, ಕಿವಿ ಸರಿಯಾಗಿ ಕೇಳದಿರುವುದೂ ಇರಬಹುದು. ಕಾಯಬೇಡಿ. ಮೂರು ವರ್ಷದೊಳಗಿನ ಮಕ್ಕಳನ್ನು ಪರೀಕ್ಷಿಸಿ ನೆರವು ಕೊಡುವ ಸರ್ಕಾರಿ ಕಾರ್ಯಕ್ರಮ ಪ್ರತಿ ರಾಜ್ಯದಲ್ಲೂ ಇದೆ. ಜಾರ್ಜಿಯಾದಲ್ಲಿ ಅದರ ಹೆಸರು 'ಬೇಬೀಸ್ ಕಾಂಟ್ ವೇಟ್', ಸೌತ್ ಕೆರೊಲಿನಾದಲ್ಲಿ 'ಬೇಬಿನೆಟ್'. ಡಾಕ್ಟರ ಚೀಟಿ ಇಲ್ಲದೆ ನೀವೇ ಫೋನ್ ಮಾಡಬಹುದು. ಮಗು ಮನೆಯಲ್ಲಿ ಕನ್ನಡ ಕೇಳುತ್ತದೆ ಎಂದು ಮೊದಲೇ ತಿಳಿಸಿ. ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿದರೆ ಅರ್ಧ ಮಗುವನ್ನು ನೋಡಿದ ಹಾಗೆ.

"ಅಮ್ಮಾ, ಡೋರ್ ಓಪನ್ ಮಾಡು" ಎನ್ನುವ ಮಗು ಗೊಂದಲದಲ್ಲಿಲ್ಲ. ಅದರ ವಾಕ್ಯ ಪೂರ್ತಿ ಕನ್ನಡದ ಕಟ್ಟಿನದು, ಬೆಂಗಳೂರಿನಲ್ಲಿ ನಾವೂ ಹಾಗೇ ಆಡುತ್ತೇವೆ. ಮನೆಮಾತು ಬೇರೆಯಾದರೆ ಹೊರಗಿನ ಭಾಷೆ ಕುಂದುತ್ತದೆ ಎಂದೇನಿಲ್ಲ: ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಕಾರ್ನಾಡರದು ಕೊಂಕಣಿ. ಆದರೂ ಈ ಮೂವರೂ ಕನ್ನಡಕ್ಕೆ ಜ್ಞಾನಪೀಠ ತಂದರು.

ಕನ್ನಡದ ಪರ ಇರುವವರೂ ಒಂದು ಮಾತನ್ನು ಅಳೆದು ಆಡಬೇಕು. ಎರಡು ಭಾಷೆ ಬಂದರೆ ಮಗುವಿನ ಬುದ್ಧಿ ಹರಿತವಾಗುತ್ತದೆ ಎಂದು ಕನ್ನಡ ಸಂಘದ ವೇದಿಕೆಗಳಿಂದ ಹೇಳುತ್ತೇವೆ. ಅದನ್ನು ಬೆಂಬಲಿಸಿದ 1962ರ ಮಾಂಟ್ರಿಯಲ್ ಅಧ್ಯಯನದಿಂದ ಈಚೆಗೆ ಆ ಆಸೆ ಬೆಳೆದಿದ್ದು ನಿಜ. ಆದರೆ 2019ರಲ್ಲಿ ಅಮೆರಿಕದ 9–10 ವರ್ಷದ ಸುಮಾರು 4,500 ಮಕ್ಕಳನ್ನು ಹೋಲಿಸಿ ನೋಡಿದಾಗ ಏಕಾಗ್ರತೆ, ಮನಸ್ಸಿನ ಹಿಡಿತ ಇಂಥವುಗಳಲ್ಲಿ ಎರಡು ಭಾಷೆಯ ಮಕ್ಕಳಿಗೆ ವಿಶೇಷ ಲಾಭವೇನೂ ಕಾಣಲಿಲ್ಲ. ಇರಲಿ. ಹಾಸನದ ಅಜ್ಜಿಯ ಜೊತೆ ಮೊಮ್ಮಗಳು ನೇರವಾಗಿ ಜಗಳವಾಡಬಲ್ಲಳು ಎಂದರೆ ನನಗೆ ಅಷ್ಟು ಲಾಭ ಸಾಕು.

ಉಳಿದದ್ದು ಭಾನುವಾರದ ಕನ್ನಡ ತರಗತಿಯ ಮೇಲಿನ ಭರವಸೆ. ವಾಷಿಂಗ್ಟನ್ ಸುತ್ತಲಿನ ಕಾವೇರಿ ಕನ್ನಡ ಸಂಘ 1972ರದು, ಅಟ್ಲಾಂಟಾದ ನೃಪತುಂಗ ಕನ್ನಡ ಕೂಟ 1973ರದು. ಅರ್ಧ ಶತಮಾನದಿಂದ ಜನ ತಮ್ಮ ಸಮಯ ಕೊಟ್ಟು ದುಡಿದಿದ್ದಾರೆ. ಅಕ್ಷರ ಕಲಿಸಲು, ಜೊತೆಗಾರರನ್ನು ದೊರಕಿಸಲು ಇಂಥ ಕೂಟಗಳು ಬೇಕೇ ಬೇಕು. ಆದರೆ ವಾರಕ್ಕೆ ಎರಡು ಗಂಟೆಯಲ್ಲಿ ಮಾತು ಹುಟ್ಟುವುದಿಲ್ಲ. "ಅರ್ಥ ಆಗುತ್ತೆ, ದೊಡ್ಡವನಾದ ಮೇಲೆ ಮಾತಾಡ್ತಾನೆ" ಎನ್ನುವ ಮಾತೂ ನೆರವೇರುವುದು ಅಪರೂಪ. ಬೆಲ್ಜಿಯಂನಲ್ಲಿ ಆನಿಕ್ ಡಿ ಹೌವರ್ ನಡೆಸಿ 2007ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಡಚ್ ಅಲ್ಲದ ಭಾಷೆ ಆಡುವ ಮನೆಗಳ ಪೈಕಿ ಸುಮಾರು ಕಾಲು ಭಾಗದಲ್ಲಿ ಮಕ್ಕಳು ಆ ಭಾಷೆಯನ್ನು ಆಡುತ್ತಲೇ ಇರಲಿಲ್ಲ. ತಂದೆ ತಾಯಿ ಇಬ್ಬರೂ ಅದನ್ನು ಆಡುವ ಮನೆಗಳಲ್ಲಿ ಅದು ಹೆಚ್ಚಾಗಿ ಉಳಿದಿತ್ತು.

ಹಾಗಾಗಿ ಮಗು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೂ ಕನ್ನಡದಲ್ಲೇ ಮುಂದುವರಿಸಿ. ಎರಡನೇ ಮಗುವಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು: ಶಾಲೆಗೆ ಸೇರಿದ ಅಕ್ಕ ಇಂಗ್ಲಿಷನ್ನು ಮನೆಗೆ ತರುತ್ತಾಳೆ, ತಮ್ಮ ಅವಳ ಜೊತೆ ಅದರಲ್ಲೇ ಆಡುತ್ತಾನೆ. ಅಕ್ಕ ತಮ್ಮನಿಗೆ ಕನ್ನಡದಲ್ಲಿ ಕಥೆ ಹೇಳುವ ಅಭ್ಯಾಸವನ್ನು ಅವಳು ಕಿಂಡರ್‌ಗಾರ್ಟನ್ ಸೇರುವ ಮೊದಲೇ ಹಾಕಿಸುವುದು ಒಳ್ಳೆಯದು.