ಹೊಳೆಯ ಸಿಂಪಿ ಮತ್ತು ಊರಿನ ಚರಂಡಿ

ಮಲಿನಗೊಂಡ ಅಳಿವೆಗಳಲ್ಲಿ ಸಿಂಪಿ ಬೆಳೆಸಿ ನೀರನ್ನು ತಿಳಿಗೊಳಿಸುವ ಕಾರ್ಯವು ನ್ಯೂಯಾರ್ಕ್ ಬಂದರಿನಲ್ಲಿ 2014ರಿಂದ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಬಲಿತ ಸಿಂಪಿಯೊಂದು ಅನುಕೂಲ ಸ್ಥಿತಿಯಲ್ಲಿ ದಿನಕ್ಕೆ 190 ಲೀಟರ್‌ವರೆಗೆ ನೀರನ್ನು ಕಿವಿರುಗಳ ಮೂಲಕ ಹಾಯಿಸಿ, ಪಾಚಿಕಣ ಹಾಗೂ ತೇಲುಮಣ್ಣನ್ನು ಹಿಡಿದುಕೊಳ್ಳುತ್ತದೆ. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ಚಿಪ್ಪಿಕಲ್ಲುಗಳು ಬದುಕುವುದೂ ಹೀಗೆಯೇ.

ಆದರೆ ಉಪ್ಪುನೀರಿನ ಸಿಂಪಿ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಹೊಳೆಗಳಲ್ಲಿ ಬದುಕಲಾರದು. ತಂದು ಬಿಡುವುದು ವ್ಯರ್ಥ ವೆಚ್ಚ. ಸಿಹಿನೀರಿಗೆ ಅದರದೇ ಸಿಂಪಿಯಿದೆ. ಹೊಳೆ, ಕೆರೆಗಳ ಕೆಸರಿನಲ್ಲಿ ಅರ್ಧ ಹುದುಗಿದ್ದು, ಈಜುವ ಹುಡುಗರ ಕಾಲಿಗೆ ತಾಗುವ ಕಪ್ಪು ಚಿಪ್ಪು ಇದೇ. ಇದರ ಮರಿಗಳು ಮೊದಲು ಮೀನಿನ ಕಿವಿರು, ಈಜುರೆಕ್ಕೆಗಳಿಗೆ ಅಂಟಿಕೊಂಡೇ ಬೆಳೆಯಬೇಕು. ಮೀನು ಸತ್ತ ಹೊಳೆಯಲ್ಲಿ ಸಿಂಪಿಗೆ ಮುಂದಿನ ಪೀಳಿಗೆಯಿಲ್ಲ. ಮರಳು ಬಗೆದರೆ ನೆಲೆಯೂ ಇಲ್ಲ.

ಸಿಂಪಿಯಿದ್ದರೆ ಚರಂಡಿ ನೀರನ್ನು ಹೊಳೆಗೆ ಬಿಡಬಹುದೆಂಬ ಎಣಿಕೆ ತಪ್ಪು. ಕೊಳಚೆಯಿಂದ ಆಮ್ಲಜನಕ ಕುಸಿದಾಗ ಅದು ಚಿಪ್ಪು ಮುಚ್ಚಿ ಸೋಸುವುದನ್ನೇ ನಿಲ್ಲಿಸುತ್ತದೆ, ಕಡೆಗೆ ಸಾಯುತ್ತದೆ. ಕೊಳೆತಾಗ ಹಿಡಿದಿಟ್ಟ ಮಲಿನವೂ ನೀರಿಗೇ ಮರಳುತ್ತದೆ. ಸಿಂಪಿ ಸೋಸಿದ ನೀರು ಕುಡಿಯುವ ನೀರಲ್ಲ. ಭಾರಲೋಹಗಳು ಅದರ ಮೈಯಲ್ಲಿ ಶೇಖರವಾಗುವುದರಿಂದ ಮಲಿನ ನೀರಿನ ಸಿಂಪಿಯನ್ನು ತಿನ್ನತಕ್ಕದ್ದಲ್ಲ.

ಆದುದರಿಂದ ಘಟಪ್ರಭಾ, ಹಿರಣ್ಯಕೇಶಿ, ಮಾರ್ಕಂಡೇಯ ನದಿದಂಡೆಯ ಪಂಚಾಯತಿಗಳು ಮನೆಮನೆಯ ಬಚ್ಚಲುಗುಂಡಿ ಹಾಗೂ ಚರಂಡಿಯ ಕೊನೆಯಲ್ಲಿ ಬೂದುನೀರು ಸಂಸ್ಕರಣೆಯ ಕಾಮಗಾರಿಗಳನ್ನು ಮೊದಲು ಕ್ರಿಯಾಯೋಜನೆಗೆ ಸೇರಿಸಬೇಕು. ಬೇಸಿಗೆಯಲ್ಲಿ ಹೊಳೆ ಇಳಿದಾಗ ಮೀನುಗಾರರೊಡನೆ ನಡೆದು, ಜೀವಂತ ಸಿಂಪಿಯಿರುವ ಮಡುಗಳನ್ನು ಗುರುತಿಸಿ, ಗ್ರಾಮಸಭೆಯ ನಡಾವಳಿಯಲ್ಲಿ ದಾಖಲಿಸಿ, ಅಲ್ಲಿ ಮರಳು ತೆಗೆಯದಂತೆ ತಹಶೀಲ್ದಾರರಿಗೆ ಪತ್ರ ಬರೆಯುವುದು.